ಜೇನುಬಣ್ಣದ ನೀರಾಕ್ಕೆ ಮೂರಡಿ ಕೊಳವೆ

ಮಾಗಡಿ ರಸ್ತೆಯ ಟೋಲ್‌ಗೇಟ್ ಬಳಿ ಬಸ್ಸಿಳಿದು ಗೋವಿಂದರಾಜನಗರದ ಅಡ್ಡರಸ್ತೆಗೆ ತಿರುಗುವ ಹೊತ್ತಿಗೆ ಬೆಳಗಿನ ಒಂಬತ್ತೂವರೆ. ದರ್ಶಿನಿಯ ಎದುರು ನಿಂತವರ ಕೈಯಲ್ಲಿ ಕಾಫಿ ಲೋಟ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಅಳೆದು ದಾರ ಹರಿಯುತ್ತಾಳೆ. ಬೈಕಿನ ಹಿಂದೆ ಕರಣೆ, ಮಟ್ಟಗೋಲು ಕಟ್ಟಿಕೊಂಡ ಗಾರೆ ಮೇಸ್ತ್ರಿಗಳು ಸೈಟಿನ ಕಡೆ ಹೊರಟಿದ್ದಾರೆ. ಒಂದೊಂದೇ ಷಟರ್ ಸದ್ದು ಮಾಡುತ್ತ ಮೇಲೇಳುತ್ತದೆ. ಪೈಪಿನ ಅಂಗಡಿಯ ಹುಡುಗ ಮೆಟ್ಟಿಲಿಗೆ ನೀರು ಚಿಮುಕಿಸಿ, ಗಲ್ಲಾದ ಮೇಲಿನ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಸುರುಳಿಗಳನ್ನು ಒಂದೊಂದಾಗಿ ಹೊರಗೆ ತಂದು ಕೊಕ್ಕೆಗೆ ನೇತುಹಾಕುತ್ತಾನೆ.

ಹತ್ತು ನಿಮಿಷದಲ್ಲಿ ಅಂಗಡಿಯ ಮುಖಕ್ಕೆ ಬಣ್ಣ ಬರುತ್ತದೆ. ಗಿಡಕ್ಕೆ ನೀರು ಬಿಡುವ ಹಸಿರು ಪೈಪು, ತೋಟಕ್ಕೆ ಹೋಗುವ ಕಪ್ಪು ಡ್ರಿಪ್ ಪೈಪು, ಅಡುಗೆಮನೆಗೆ ಹೋಗುವ ಕಿತ್ತಳೆ ಬಣ್ಣದ ಗ್ಯಾಸ್ ಪೈಪು, ನೀರು ಶುದ್ಧಿ ಮಾಡುವ ಯಂತ್ರಕ್ಕೆ ಬೇಕಾದ ಪೆನ್ಸಿಲ್ ದಪ್ಪದ ಬಿಳಿ ಟ್ಯೂಬು. ಗೋಡೆಗೆ ಒರಗಿಸಿಟ್ಟ ಉದ್ದನೆಯ ಲೆಂತುಗಳಲ್ಲಿ ಬೂದುಬಣ್ಣದ ಪಿವಿಸಿ, ಬಿಸಿನೀರಿಗೆಂದು ಬಂದ ಕೆನೆಬಣ್ಣದ ಸಿಪಿವಿಸಿ. ಒಳಗಿನ ಖಾನೆಗಳಲ್ಲಿ ಎಲ್ಬೋ, ಟೀ, ಬೆಂಡು, ಕಪ್ಲರ್, ರೆಡ್ಯೂಸರ್; ಗಲ್ಲಾದ ಪಕ್ಕದಲ್ಲಿ ಸಲ್ಯೂಷನ್ ಡಬ್ಬಿ, ಟೆಫ್ಲಾನ್ ಟೇಪು. ಎಲ್ಲಕ್ಕಿಂತ ಮುಂದೆ, ಬಿಸಿಲು ಬಿದ್ದರೆ ಫಳಫಳ ಹೊಳೆಯುವ ತಿಳಿ ಬಣ್ಣದ ಲೆವೆಲ್ ಪೈಪು.

ಈ ಲೆವೆಲ್ ಪೈಪು ಮೇಸ್ತ್ರಿಗಳ ನೆಚ್ಚಿನ ಸಾಧನ. ಅದರಲ್ಲಿ ನೀರು ತುಂಬಿ ಒಂದು ತುದಿಯನ್ನು ಒಬ್ಬ, ಇನ್ನೊಂದನ್ನು ಮತ್ತೊಬ್ಬ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಪಾಯದ ಮೂಲೆಗಳು, ಛಾವಣಿಯ ಮಟ್ಟ, ಟೈಲ್ಸಿನ ಇಳಿಜಾರು ಎಲ್ಲವೂ ಈ ಒಂದು ಟ್ಯೂಬಿನ ಲೆಕ್ಕದಲ್ಲೇ ನಿಲ್ಲುತ್ತವೆ. ಒಳಗಿನ ನೀರು ಕಾಣಬೇಕು, ಬಾಗಿಸಿದರೆ ಬಾಗಬೇಕು, ಕಡಿಮೆ ಬೆಲೆಗೆ ಸಿಗಬೇಕು. ಇಷ್ಟೇ ಅದರಿಂದ ಬಯಸುವುದು.

ಅಂಗಡಿಯ ಯಜಮಾನರು ಮಾತು ಕಡಿಮೆಯವರು. ಗಿರಾಕಿ ಅಳತೆ ಹೇಳುವ ಮೊದಲೇ ಅವರ ಬಾಯಿಂದ ಬರುವುದು ಒಂದೇ ಪ್ರಶ್ನೆ: “ಯಾತಕ್ಕೆ?” ಗ್ಯಾಸ್ ಪೈಪು ಕೇಳಿದ ಹೆಂಗಸಿಗೆ ಹಳೆಯದು ಹಾಕಿ ಎಷ್ಟು ವರ್ಷವಾಯಿತೆಂದು ಕೇಳಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಪೈಪಿನ ಮೇಲೆ ಅಚ್ಚಾದ ತಾರೀಖು ತೋರಿಸುತ್ತಾರೆ. ಮಳೆನೀರು ಇಳಿಸಲು ಪೈಪು ಕೇಳಿದವರಿಗೆ ಛಾವಣಿ ಎಷ್ಟು ಚದರವೆಂದು ಕೇಳುತ್ತಾರೆ. 2009ರಲ್ಲಿ ಬೆಂಗಳೂರು ಜಲಮಂಡಳಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ ಮೇಲೆ ಈ ಭಾಗದ ಅಂಗಡಿಗಳಿಗೆ ಅದೂ ದಿನನಿತ್ಯದ ವ್ಯಾಪಾರ.

ಆ ಬೆಳಗ್ಗೆ ಬಂದವರು ಮಾಗಡಿ ಕಡೆಯ ಗಂಡ ಹೆಂಡತಿ. ತಾವರೆಕೆರೆ, ಸುಂಕದಕಟ್ಟೆ, ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟಿ ಬರುವ ಬಸ್ಸಿನಲ್ಲಿ ಕೂತು ಬಂದವರು. ಇಬ್ಬರೂ ಐವತ್ತರ ಆಸುಪಾಸು. ಆತನ ಹೆಗಲಲ್ಲಿ ಟವೆಲು, ಆಕೆಯ ಕೈಯಲ್ಲಿ ಬಟ್ಟೆಯ ಚೀಲ. ಆತ ನೇರವಾಗಿ ಲೆವೆಲ್ ಪೈಪಿನ ಸುರುಳಿಗೇ ಕೈಯಿಟ್ಟರು.

“ಅಣ್ಣಾ, ಇದು ಮೀಟರ್‌ಗೆ ಎಷ್ಟು? ಇನ್ನೂರು ಮುನ್ನೂರು ಮೀಟರ್ ಬೇಕಾಗ್ತದೆ.”

“ಯಾತಕ್ಕೆ?”

“ನೀರಾ ಇಳಿಸಕ್ಕೆ. ನಮ್ಮ ತೆಂಗಿನ ಕಂಪನಿಗೆ ಲೈಸೆನ್ಸು ಐತೆ. ಒಂದೊಂದು ಮರಕ್ಕೂ ದಿನಾ ಹತ್ತಿ ಇಳಿಯೋ ಬದಲು, ಹೊಂಬಾಳೆಯಿಂದ ನೆಲಕ್ಕೆ ಪೈಪು ಬಿಟ್ರೆ ಹೆಂಗೆ ಅಂತ.”

ಆತ ಜೇಬಿನಿಂದ ಫೋನು ತೆಗೆದು ಕೆನಡಾದಲ್ಲಿರುವ ತಂಗಿಯ ಮಗ ಕಳಿಸಿದ ವಿಡಿಯೊ ತೋರಿಸಿದರು. ಬೂದುಬಣ್ಣದ ಬೋಳು ಮರಗಳು, ನೆಲದ ತುಂಬ ಹಿಮ. ಮರದಿಂದ ಮರಕ್ಕೆ, ಎದೆಯ ಎತ್ತರದಲ್ಲಿ, ನೀಲಿ ಟ್ಯೂಬುಗಳು ಬಿಗಿಯಾಗಿ ಓಡುತ್ತಿವೆ. ನೂರಾರು ಸಣ್ಣ ಟ್ಯೂಬುಗಳು ದಪ್ಪ ಪೈಪಿಗೆ ಸೇರಿ, ಆ ಪೈಪು ಗುಡ್ಡದ ಬುಡದ ತೊಟ್ಟಿಗೆ ಬಂದು, ನೀರಿನಂಥ ರಸ ಧಾರೆಯಾಗಿ ಸುರಿಯುತ್ತಿದೆ. ಅಂಗಡಿಯ ಹುಡುಗ, ಪಕ್ಕದಲ್ಲಿ ನಿಂತ ಪ್ಲಂಬರ್, ನಾನು, ಎಲ್ಲರೂ ಆ ಪುಟ್ಟ ಪರದೆಗೆ ಬಾಗಿದೆವು.

ಅದು ಮೇಪಲ್ ಮರದ ರಸ ಹಿಡಿಯುವ ವ್ಯವಸ್ಥೆ. ಕೆನಡಾದ ಕ್ವಿಬೆಕ್, ಒಂಟಾರಿಯೊ, ಅಮೆರಿಕದ ವರ್ಮಾಂಟ್ ಭಾಗಗಳಲ್ಲಿ ಚಳಿಗಾಲ ಮುಗಿಯುವ ಕೆಲವು ವಾರ ಈ ಕೆಲಸ. ರಾತ್ರಿ ಹಿಮಗಟ್ಟಬೇಕು, ಹಗಲು ಕರಗಬೇಕು. ಆ ಏರಿಳಿತದಿಂದ ಮರದೊಳಗೆ ಒತ್ತಡ ಹುಟ್ಟಿ, ಕಾಂಡಕ್ಕೆ ಕೊರೆದ ಸಣ್ಣ ರಂಧ್ರದಿಂದ ರಸ ಹೊರಬರುತ್ತದೆ. ಹಿಂದೆ ಪ್ರತಿ ಮರಕ್ಕೂ ಬಕೆಟ್ ತೂಗುಹಾಕಿ, ಹಿಮದಲ್ಲಿ ನಡೆದು, ಹೊತ್ತು ತರುತ್ತಿದ್ದರು. ಪ್ಲಾಸ್ಟಿಕ್ ಟ್ಯೂಬು ಬಂದ ಮೇಲೆ ಮರಗಳೇ ಒಂದಕ್ಕೊಂದು ಜೋಡಿಯಾದವು. ಬಹುಕಾಲ ಅಲ್ಲಿ ಬಳಕೆಯಲ್ಲಿದ್ದದ್ದು ಸುಮಾರು 8 ಮಿಲಿಮೀಟರ್ ಒಳಅಳತೆಯ ಟ್ಯೂಬು. ಈಚಿನ ವರ್ಷಗಳಲ್ಲಿ ಇಳಿಜಾರಿನ ಕಾಡುಗಳಲ್ಲಿ 5 ಮಿಲಿಮೀಟರಿನ ಸಣ್ಣ ಟ್ಯೂಬನ್ನೂ ಹಾಕುತ್ತಾರೆ. ಅದು ಸಣ್ಣದಾದ್ದರಿಂದ ರಸ ಟ್ಯೂಬಿನ ತುಂಬ ನಿಂತು ಇಳಿಯುತ್ತದೆ. ಇಳಿಯುವ ಭಾರವೇ ಮೇಲಿನಿಂದ ರಸವನ್ನು ಹೀರುತ್ತದೆ. ಪಂಪು ಬೇಡ, ಕರೆಂಟು ಬೇಡ.

ಹಾಗೆ ಬಂದ ರಸದಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟು ಮಾತ್ರ. ಸುಮಾರು 40 ಲೀಟರ್ ಕುದಿಸಿದರೆ ಒಂದು ಲೀಟರ್ ಪಾಕ. ಅಷ್ಟು ತೆಳುವಾದ ರಸ, ಫ್ರಿಜ್ಜಿನೊಳಗಿನಂಥ ಹವೆಯಲ್ಲಿ, ಟ್ಯೂಬಿನೊಳಗೆ ಬಹುದೂರ ಹರಿದರೂ ಹುಳಿಯಾಗದೆ ತೊಟ್ಟಿ ಸೇರುತ್ತದೆ. ಆ ಉದ್ದದ ಟ್ಯೂಬುಗಳನ್ನು ಕಾಯುವುದು ಅಲ್ಲಿನ ಚಳಿ. ಅಲ್ಲೂ ಬಿಸಿಲೇರಿದಂತೆ ಟ್ಯೂಬಿನೊಳಗೆ ಸೂಕ್ಷ್ಮಜೀವಿಗಳು ಕೂರುತ್ತವೆ, ರಂಧ್ರದ ಬಾಯಿ ಮುಚ್ಚುತ್ತ ಬರುತ್ತದೆ. ಅದಕ್ಕೇ ಮರಕ್ಕೆ ತಾಗುವ ಮೂತಿಯನ್ನು ಪ್ರತಿ ವರ್ಷ ಹೊಸದಾಗಿ ಹಾಕುವ ಬೆಳೆಗಾರರಿದ್ದಾರೆ.

ಮಾಗಡಿಯ ತೋಟದಲ್ಲಿ ಆ ಚಳಿ ಎಲ್ಲಿಂದ ಬರಬೇಕು? ತೆಂಗಿನ ನೀರಾ ಬರುವ ಬಗೆಯೇ ಬೇರೆ. ಅರಳದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಕೆಲವು ದಿನ ಹದವಾಗಿ ಬಡಿದು ಹಣ್ಣು ಮಾಡಿ, ತುದಿಯನ್ನು ತೆಳುವಾಗಿ ಕೊಯ್ದರೆ ರಸ ಜಿನುಗುತ್ತದೆ. ಗರಿಗಳು ಬಿಸಿಲಿನಲ್ಲಿ ತಯಾರಿಸಿ ಹೂವಿಗೆ, ಕಾಯಿಗೆ ಕಳಿಸುತ್ತಿದ್ದ ಆಹಾರವೇ ಅದು. ಅದರಲ್ಲಿ ಸಕ್ಕರೆ ನೂರಕ್ಕೆ 10ರಿಂದ 15. ಮೇಪಲ್ ರಸಕ್ಕಿಂತ ಐದಾರು ಪಟ್ಟು ಸಿಹಿ, ಸುತ್ತಲ ಹವೆ ಮೂವತ್ತು ಡಿಗ್ರಿ. ಯೀಸ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಕೆಲವೇ ಗಂಟೆಗಳಲ್ಲಿ ನೀರಾ ನೊರೆಯೆದ್ದು ಹೆಂಡವಾಗುತ್ತದೆ.

ಹೀರುವ ಲೆಕ್ಕವೂ ಇಲ್ಲಿ ಕೂಡುವುದಿಲ್ಲ. ಮೇಪಲ್ ಕಾಂಡದ ರಂಧ್ರಕ್ಕೆ ಮೂತಿ ಬಿಗಿಯಾಗಿ ಕೂರುತ್ತದೆ, ಗಾಳಿ ಒಳನುಗ್ಗುವುದಿಲ್ಲ. ಹೊಂಬಾಳೆಯ ಕೊಯ್ದ ಮುಖ ಗಾಳಿಗೆ ತೆರೆದದ್ದು. ದಿನವೂ ಅದನ್ನು ಹೊಸದಾಗಿ ಸವರಬೇಕು. ಆದ್ದರಿಂದ ಪೈಪು ಬಿಟ್ಟರೂ ಮರ ಹತ್ತುವುದು ತಪ್ಪುವುದಿಲ್ಲ.

ಅಂಗಡಿಯ ಯಜಮಾನರಿಗೆ ಮೇಪಲ್ ವಿಷಯ ಹೊಸದು, ಪೈಪಿನ ವಿಷಯ ಹಳೆಯದು. ಅವರು ಬಿಲ್ಲಿನ ಹಿಂಬದಿಯಲ್ಲಿ ಪೆನ್ನು ಇಟ್ಟು ಕೇಳಿದರು. “ಮರ ಎಷ್ಟೆತ್ತರ? ದಿನಕ್ಕೆ ಒಂದು ಮರಕ್ಕೆ ಎಷ್ಟು ಬತ್ತದೆ?”

ಐವತ್ತಡಿ, ಎಂದರೆ 15 ಮೀಟರ್. ದಿನಕ್ಕೆ ಎರಡು ಲೀಟರ್ ಎಂದುಕೊಳ್ಳೋಣ. ಲೆಕ್ಕ ಮಾಡಿದರೆ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಹನಿ. ಟ್ಯೂಬು ತುಂಬಿ ಹರಿಯುವ ಧಾರೆ ಅಲ್ಲ ಅದು, ಗೋಡೆಗೆ ಅಂಟಿಕೊಂಡು ತೆವಳುವ ತೇವ. 8 ಮಿಲಿಮೀಟರ್ ಟ್ಯೂಬು 15 ಮೀಟರ್ ಉದ್ದವಿದ್ದರೆ ಒಳಮೈಯೇ ಸುಮಾರು ನಾಲ್ಕು ಚದರ ಅಡಿ. ಎರಡು ಲೀಟರಿನ ಮಡಕೆಯ ಒಳಮೈ ಒಂದು ಚದರ ಅಡಿಯೂ ಇಲ್ಲ. ಅಂದರೆ ಮಡಕೆಗಿಂತ ನಾಲ್ಕೈದು ಪಟ್ಟು ಹೆಚ್ಚು ಜಾಗದಲ್ಲಿ ಸಿಹಿ ರಸ ತೆಳ್ಳಗೆ ಹರಡಿ, ಬಿಸಿಲಲ್ಲಿ ಕಾದು, ಮೆಲ್ಲಗೆ ಇಳಿಯುತ್ತದೆ. ಬೆಳಗಿನ ಹನಿ ಬಿಟ್ಟುಹೋದ ಯೀಸ್ಟು ಮಧ್ಯಾಹ್ನದ ಹನಿಯನ್ನು ಕೆಡಿಸುತ್ತದೆ.

ಇಷ್ಟು ಹೊತ್ತು ಸುಮ್ಮನಿದ್ದ ಆಕೆ ಲೆವೆಲ್ ಪೈಪಿನ ತುದಿಯನ್ನು ಹಿಡಿದು, ಒಳಗೆ ಕಿರುಬೆರಳು ಹಾಕಲು ನೋಡಿ, ಗಂಡನ ಕಡೆ ತಿರುಗಿದರು. “ರೀ, ಇದರೊಳಗೆ ಬೆರಳೇ ಹೋಗಲ್ಲ. ತೊಳೆಯೋದು ಹೆಂಗೆ?”

ಅಂದಿನ ಮಾತುಗಳಲ್ಲೆಲ್ಲ ತೂಕದ ಮಾತು ಅದು. ಹಾಲು ಕರೆದು, ಕಾಸಿ, ಹೆಪ್ಪು ಹಾಕಿ, ಪಾತ್ರೆ ತೊಳೆದ ಕೈ ಕೇಳುವ ಪ್ರಶ್ನೆ. ಕೊಳವೆಯನ್ನು ಕೊಳ್ಳುವವರು ದಪ್ಪ, ಉದ್ದ, ಬೆಲೆ ಕೇಳುತ್ತಾರೆ. ತೊಳೆಯುವವರು ಮಾತ್ರ ಒಳಮೈ ಕೇಳುತ್ತಾರೆ.

“ಮನೇಲಿ ಡ್ರಿಪ್ ಪೈಪು ಮಿಕ್ಕಿದೆ, ಅದನ್ನಾದ್ರೂ ಹಾಕ್ಬಹುದಾ?” ಎಂದು ಆತ ಕೇಳಿದರು. ಯಜಮಾನರು ತಲೆಯಾಡಿಸಿದರು. ಡ್ರಿಪ್ ಪೈಪಿನ ಕಪ್ಪು ಬಣ್ಣ ಬಿಸಿಲನ್ನು ತಾಳಿಕೊಳ್ಳಲಿ ಎಂದು ಬೆರೆಸಿದ ಇಂಗಾಲದ್ದು. ಪೈಪು ಬಾಳುತ್ತದೆ, ಒಳಗಿನದು ಬಿಸಿಯಾಗುತ್ತದೆ. ಗೊಬ್ಬರದ ನೀರು ಹರಿದ ಪೈಪಾದರೆ ಕುಡಿಯುವ ಪದಾರ್ಥದ ಹತ್ತಿರವೂ ತರಬಾರದು. ಲೆವೆಲ್ ಪೈಪು ಮೆತ್ತಗಿರುವುದಕ್ಕೆ ಕಾರಣ ಪಿವಿಸಿಗೆ ಬೆರೆಸುವ ಮೆದುಕಾರಕ ರಾಸಾಯನಿಕ. ಗಟ್ಟಿ ಪಿವಿಸಿ ಪೈಪುಗಳಲ್ಲಿ ಸೀಸದ ಸಂಯುಕ್ತ ಬೆರೆಸುವ ಪದ್ಧತಿಯೂ ಇತ್ತು. ಅದನ್ನು ತೆಗೆಯಲೆಂದೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಗೋಡೆಯ ಮಟ್ಟ ನೋಡಲು ಮಾಡಿದ ಟ್ಯೂಬಿನಲ್ಲಿ ಮಗು ಕುಡಿಯುವ ಪಾನೀಯ ಹರಿಯಬಾರದು.

ಆತನ ಮುಖ ಸಪ್ಪಗಾಯಿತು. ಅದಕ್ಕೆ ಕಾರಣವೂ ಇದೆ. ನೀರಾ ಎಂಬುದು ತೆಂಗಿನ ಸೀಮೆಯವರಿಗೆ ಬರೀ ಪಾನೀಯ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದು ಕಾಯಿ ಸೊರಗಿದಾಗ, ಕಾಯಿ ಬೆಲೆ ನೆಲಕಚ್ಚಿದಾಗ, ನೀರಾ ಇಳಿಸಲು ಬಿಡಿ ಎಂದು ರೈತರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರ ಪ್ರಾಣ ಹೋಯಿತು. ಅಬಕಾರಿ ಕಾಯ್ದೆ ಸಡಿಲವಾಗಿ, ಪರವಾನಗಿ ಪಡೆದು ನೀರಾ ಇಳಿಸುವ ದಾರಿ ತೆರೆದದ್ದು ಬಹಳ ವರ್ಷಗಳ ಮೇಲೆ. ಅಷ್ಟು ಬೆಲೆ ತೆತ್ತು ಬಂದ ಹಕ್ಕು, ಮರದಿಂದ ಇಳಿಯುವ ದಾರಿಯಲ್ಲೇ ಹುಳಿಯಾಗಿ ಚೆಲ್ಲಿಹೋಗಬಾರದು.

ಉತ್ತರ ನಮ್ಮ ಸೀಮೆಯಲ್ಲೇ ಇದೆ ಎಂದು ಅವರಿಗೆ ಹೇಳಿದೆ. ಕಾಸರಗೋಡಿನ ಕೂಡ್ಲುವಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾದ ಕೇಂದ್ರ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಪಿಸಿಆರ್‌ಐ. ಅಲ್ಲಿನ ವಿಜ್ಞಾನಿಗಳು ನೀರಾ ತಣ್ಣಗಿಡುವ ಸಾಧನವೊಂದನ್ನು ರೂಪಿಸಿದರು. ಅದರ ಮೈ ಪಿವಿಸಿ ಪೈಪು. ಒಂದು ತುದಿ ಪೆಟ್ಟಿಗೆಯಂತೆ ಅಗಲವಾಗಿ, ಅದರೊಳಗೆ ಎರಡು ಮೂರು ಲೀಟರ್ ಹಿಡಿಸುವ ಡಬ್ಬಿ, ಡಬ್ಬಿಯ ಸುತ್ತ ಐಸಿನ ತುಂಡುಗಳು. ಹೊರಗೆ ಬಿಸಿ ತಾಗದ ಹೊದಿಕೆ. ಹೊಂಬಾಳೆಯ ತುದಿಗೆ ಇದನ್ನು ಸಿಕ್ಕಿಸಿದರೆ ಹನಿ ಬಿದ್ದ ಕ್ಷಣದಿಂದಲೇ ತಂಪು. ಹತ್ತು ಹನ್ನೆರಡು ಗಂಟೆ ಕಳೆದು ಇಳಿಸಿದರೂ ರಸ ಹುಳಿಯಾಗಿರುವುದಿಲ್ಲ. ಆ ರಸಕ್ಕೆ ಅವರು ಕೊಟ್ಟ ಹೆಸರು ಕಲ್ಪರಸ. ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ಇಳಿಸಿದ ನೀರಾ ಮಂಕು ಬಿಳುಪು, ಘಾಟು ವಾಸನೆ. ತಣ್ಣಗೆ ಹಿಡಿದದ್ದು ಜೇನುಬಣ್ಣ, ಬಾಯಿಗಿಟ್ಟರೆ ಹಿತ.

ಈ ಸಾಧನದ ಜಾಣ್ಮೆ ಗಮನಿಸಬೇಕು. ಪಿವಿಸಿ ಪೈಪು ಇದೆ, ಆದರೆ ರಸ ಹರಿಯುವುದು ಪೈಪಿನ ಮೈಯಲ್ಲಲ್ಲ. ಪೈಪು ಐಸನ್ನೂ ಡಬ್ಬಿಯನ್ನೂ ಹಿಡಿದುಕೊಂಡಿರುವ ಕವಚ ಮಾತ್ರ. ಹನಿ ನೇರ ಡಬ್ಬಿಗೆ. ಡಬ್ಬಿಯ ಒಳಗೆ ಕೈ ಹೋಗುತ್ತದೆ, ತಿಕ್ಕಿ ತೊಳೆಯಬಹುದು, ಕುದಿನೀರು ಹಾಕಬಹುದು. ಚಳಿನಾಡಿನವರು ಕೊಳವೆಯನ್ನು ಎಷ್ಟು ಉದ್ದಕ್ಕಾದರೂ ಎಳೆಯಬಹುದು. ಬಿಸಿಲುನಾಡಿನವರು ಕೊಳವೆಯನ್ನು ಎಷ್ಟು ಗಿಡ್ಡ ಮಾಡಬಹುದೋ ಅಷ್ಟು ಗಿಡ್ಡ ಮಾಡಬೇಕು. ನಮ್ಮ ಹವೆಗೆ ಹೊಂದುವ ಸೂತ್ರ ಇದೊಂದೇ.

ಹಾಗೆಂದು ಕೊಳವೆ ಬೇಡವೇ ಬೇಡ ಎಂದಲ್ಲ. ಡಬ್ಬಿ ಇಳಿಸಿದ ಮೇಲೆ ಸೋಸುವ ಬಟ್ಟೆ ದಾಟಿಸಿ ಐಸುಪೆಟ್ಟಿಗೆಯ ಕ್ಯಾನಿಗೆ ತುಂಬಬೇಕು. ಚೆಲ್ಲದೆ, ಕೈ ತಾಗದೆ, ಧೂಳು ಬೀಳದೆ ತುಂಬಲು ಒಂದು ಟ್ಯೂಬು ಬೇಕು. ಅದಕ್ಕೆ ಮೂರಡಿ ಸಾಕು. ಆ ಮೂರಡಿಯಲ್ಲಿ ಕಂಜೂಸುತನ ಮಾಡಬಾರದು.

ಯಜಮಾನರು ಹೇಳಿದ ಆಯ್ಕೆಯ ಕ್ರಮ ಸರಳವಾಗಿತ್ತು. ಆಹಾರಕ್ಕೆಂದೇ ತಯಾರಾದ ಸಿಲಿಕೋನ್ ಟ್ಯೂಬು ಎಲ್ಲಕ್ಕಿಂತ ಮೇಲು: ಕುದಿನೀರಿಗೆ ಹಾಕಿದರೂ ಆಕಾರ ಕೆಡದು, ವಾಸನೆ ಬಿಡದು, ಒಳಗೆ ಕೊಳೆ ಕೂತರೆ ಹೊರಗಿಂದಲೇ ಮಸುಕಾಗಿ ಕಾಣುತ್ತದೆ. ಬೆಲೆ ಹೆಚ್ಚು, ಆದರೆ ಮೂರಡಿಗೆ ಎಷ್ಟಾದೀತು? ಅದು ಸಿಗದಿದ್ದರೆ ನೀರು ಶುದ್ಧಿ ಯಂತ್ರಕ್ಕೆ ಬಳಸುವಂಥ, ಕುಡಿಯುವ ನೀರಿಗೆ ಯೋಗ್ಯವೆಂದು ಅಚ್ಚಾದ ಟ್ಯೂಬು. ಅದನ್ನು ಕುದಿಸಲಾಗದು, ಸಣ್ಣದಾದ್ದರಿಂದ ಬ್ರಷ್ಷೂ ಹೋಗದು. ಬೇಗ ಬೇಗ ಬದಲಿಸಲೇಬೇಕು. ಸಿಲಿಕೋನ್ ಟ್ಯೂಬಾದರೆ ಒಳಅಳತೆ ಅರ್ಧ ಇಂಚಿಗೆ ಕಡಿಮೆ ಇರಬಾರದು, ಉದ್ದ ಕಂಬಿಯ ಬ್ರಷ್ಷು ಈ ತುದಿಯಿಂದ ಆ ತುದಿಗೆ ಬರಬೇಕು. ನಡುವೆ ಎಲ್ಬೋ, ಟೀ ಯಾವುದೂ ಬೇಡ. ಪ್ರತಿ ಜೋಡಣೆಯ ಸಂದಿಯಲ್ಲೂ ಒಂದು ಹನಿ ನಿಲ್ಲುತ್ತದೆ, ನಿಂತ ಹನಿಯಿಂದಲೇ ಕೇಡು ಆರಂಭ.

“ಸಿಲಿಕೋನ್ ಟ್ಯೂಬು ನನ್ನ ಹತ್ರ ಇಲ್ಲ ಅಮ್ಮಾ. ಹಾಲು ಕರೆಯೋ ಮಷೀನಿನ ಸಾಮಾನು ಮಾರೋರ ಹತ್ರ ಕೇಳಿ. ಅಲ್ಲಿ ಸಿಗ್ತದೆ,” ಎಂದರು. ಮುನ್ನೂರು ಮೀಟರಿನ ವ್ಯಾಪಾರವನ್ನು ಕೈಯಾರೆ ಬಿಟ್ಟ ಆ ಮಾತಿಗೆ ಅಂಗಡಿಯಲ್ಲಿದ್ದವರೆಲ್ಲ ಸಾಕ್ಷಿ. ಆಕೆ ಕೈಮುಗಿದರು.

ತೊಳೆಯುವ ಬಗೆಯನ್ನು ಡೇರಿಯವರಿಂದ ಕಲಿಯಬೇಕು. ಕೆಲಸ ಮುಗಿದ ಕೂಡಲೇ ತಣ್ಣೀರು ಹಾಯಿಸಿ ಸಿಹಿ ಹೋಗುವವರೆಗೆ ತೊಳೆಯುವುದು, ಆಮೇಲೆ ಪಾತ್ರೆಗೆ ಯೋಗ್ಯವಾದ ಕ್ಷಾರದ ದ್ರಾವಣವನ್ನು ಬಿಸಿಯಾಗಿ ಹಾಯಿಸುವುದು, ಮತ್ತೆ ಶುದ್ಧ ನೀರು, ಸಿಲಿಕೋನ್ ಆದರೆ ಕೊನೆಗೆ ಕುದಿನೀರು. ಎಲ್ಲ ಆದ ಮೇಲೆ ಸುರುಳಿ ಸುತ್ತಿಡದೆ, ನೆರಳಿನಲ್ಲಿ ನೇರವಾಗಿ ತೂಗುಹಾಕಿ ಪೂರ್ತಿ ಒಣಗಿಸುವುದು. ಸುತ್ತಿಟ್ಟ ಟ್ಯೂಬಿನ ತಗ್ಗಿನಲ್ಲಿ ಉಳಿದ ಒಂದು ಗುಟುಕು ನೀರು ಮರುದಿನದ ಕ್ಯಾನನ್ನೇ ಹಾಳುಮಾಡಬಲ್ಲದು. ತಿಳಿಯಾದ ಟ್ಯೂಬು ಮಂಕಾದ ದಿನ, ಒಳಗೆ ಲೋಳೆಯಂಥದ್ದು ಕಂಡ ದಿನ, ಎರಡನೇ ಯೋಚನೆ ಇಲ್ಲದೆ ಎಸೆಯಬೇಕು.

ಹತ್ತೂವರೆಗೆ ಅಂಗಡಿಯ ಮುಂದೆ ಜನ ಹೆಚ್ಚಿತು. ಪ್ಲಂಬರ್ ಮುಕ್ಕಾಲು ಇಂಚಿನ ನಾಲ್ಕು ಲೆಂತು ಕೇಳಿದ. ಮೇಸ್ತ್ರಿ ಬಂದು, ಮಾಗಡಿಯವರು ಬಿಟ್ಟ ಲೆವೆಲ್ ಪೈಪಿನಿಂದ ಹತ್ತು ಮೀಟರ್ ಕತ್ತರಿಸಿಕೊಂಡು ಹೋದ. ಗಂಡ ಹೆಂಡತಿ ಬರಿಗೈಯಲ್ಲಿ ಹೋಗಲಿಲ್ಲ. ಐಸುಪೆಟ್ಟಿಗೆಯ ಕವಚದ ಮಾದರಿ ಮಾಡಿ ನೋಡಲು ಪಿವಿಸಿ ಪೈಪಿನ ಒಂದು ತುಂಡು, ಎರಡು ಎಂಡ್‌ಕ್ಯಾಪು ಕೊಂಡರು. ಕಾಸರಗೋಡಿನ ಸಂಸ್ಥೆಯ ವಿಚಾರವನ್ನು ಕಂಪನಿಯ ಸಭೆಯಲ್ಲಿ ಎತ್ತುವುದಾಗಿ ಆತ ಹೇಳಿದರು.

ನಮ್ಮ ಮನೆಗಳಲ್ಲಿ, ತೋಟಗಳಲ್ಲಿ, ಸಣ್ಣ ಘಟಕಗಳಲ್ಲಿ ಹಾಲು, ನೀರಾ, ಜೇನು, ಕಬ್ಬಿನ ರಸ, ಕುಡಿಯುವ ನೀರು ಯಾವುದೋ ಒಂದು ಕೊಳವೆಯಲ್ಲಿ ಹರಿದೇ ನಮ್ಮ ಬಾಯಿಗೆ ಬರುತ್ತವೆ. ಹಿಟ್ಟು ಬೇಳೆಯನ್ನು ಆರಿಸಿ ತರುವ ನಾವು ಕೊಳವೆಯನ್ನು ಮಾತ್ರ ಅಗ್ಗದ್ದನ್ನು ನೋಡಿ ತರುತ್ತೇವೆ. ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಪೈಪು ಕೊಳ್ಳುವಾಗ ಅಳತೆ ಹೇಳುವ ಮೊದಲು ಅದರಲ್ಲಿ ಏನು ಹರಿಯುತ್ತದೆಂದು ಅಂಗಡಿಯವರಿಗೆ ಹೇಳಿ. ಪೈಪಿನ ಮೈಮೇಲಿನ ಅಚ್ಚನ್ನು ಓದಿ, ಆಹಾರಕ್ಕೆ ಯೋಗ್ಯವೆಂಬ ಗುರುತಿಲ್ಲದ್ದನ್ನು ತಿನ್ನುವ ಕುಡಿಯುವ ಪದಾರ್ಥಕ್ಕೆ ತಾಗಿಸಬೇಡಿ. ತೊಳೆಯಲು ಬಾರದ ಉದ್ದವನ್ನು ಕೊಳ್ಳಲೇಬೇಡಿ.